ದೊಡ್ಡಪ್ಪನ ಫೋನಿಗೆ ಬೀಗ: ಒಂದು ಭಾನುವಾರದ ಕೆಲಸ, ಹೆಜ್ಜೆ ಹೆಜ್ಜೆಯಾಗಿ

"ಗುರುವಾರ ರಾತ್ರಿ ಊಟಕ್ಕೆ ಕೂತಾಗ ನಿಮ್ಮ ದೊಡ್ಡಮ್ಮ ಮಿಕ್ಸಿ ಜಾರ್ ಸೋರ್ತಿದೆ ಅಂದ್ಲು. ಶುಕ್ರವಾರ ಬೆಳಿಗ್ಗೆ ಫೇಸ್‌ಬುಕ್ ತೆಗೆದ್ರೆ ಬರೀ ಮಿಕ್ಸಿ! ಈ ಫೋನು ಕದ್ದು ಕೇಳ್ತಿದೆ ಕಣೋ."

ತುಮಕೂರಿಗೆ ಹೋದಾಗೆಲ್ಲ ದೊಡ್ಡಪ್ಪನದು ಇದೇ ರಾಗ. ಅವರ ಮಗನದು ಇದಕ್ಕೆ ಉಲ್ಟಾ. "ಕೇಳಿದ್ರೆ ಕೇಳ್ಲಿ ಬಿಡಪ್ಪ, ನಮ್ಮನೇಲಿ ಮುಚ್ಚಿಡೋಕೆ ಏನಿದೆ?" ನನಗೆ ಇಬ್ಬರ ಮಾತೂ ಸರಿ ಅನಿಸುವುದಿಲ್ಲ. ಫೋನು ಕದ್ದು ಕೇಳುವ ಕಷ್ಟ ಪಡುವುದೇ ಬೇಡ. ಬೇಕಾದ್ದನ್ನೆಲ್ಲ ನಾವೇ ಕೈಯಾರೆ ಕೊಟ್ಟುಬಿಟ್ಟಿರುತ್ತೇವೆ. ಕೊಟ್ಟಿದ್ದರಲ್ಲಿ ಎಷ್ಟನ್ನು ವಾಪಸ್ ತೆಗೆದುಕೊಳ್ಳಬಹುದು ಅಂತ ನೋಡಲು ಹೋದ ಭಾನುವಾರ ಮಧ್ಯಾಹ್ನ ಅವರ ಜೊತೆ ಕೂತೆ. ಎರಡೂವರೆ ಗಂಟೆ ಹಿಡಿಯಿತು. ಮಾಡಿದ್ದನ್ನು ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಹಿರಿಯರ ಫೋನಿಗೂ, ನಿಮ್ಮದಕ್ಕೂ ಇದೇ ಸಾಕಾಗುತ್ತದೆ.

ಶುರು ಮಾಡುವ ಮುಂಚೆ

ಫೋನು ಚಾರ್ಜ್ ಆಗಿರಲಿ. ಆಧಾರ್‌ಗೆ ಜೋಡಿಸಿದ ಸಿಮ್ ಅದೇ ಫೋನಿನಲ್ಲಿದೆಯಾ ನೋಡಿಕೊಳ್ಳಿ, ಓಟಿಪಿ ಬೇಕಾಗುತ್ತದೆ. ಒಂದು ನೋಟ್‌ಬುಕ್ಕು, ಪೆನ್ನು ಪಕ್ಕದಲ್ಲಿರಲಿ.

ಮುಖ್ಯವಾದ ಮಾತು: ಫೋನು ಅವರ ಕೈಯಲ್ಲೇ ಇರಲಿ. ನೀವು ಹೇಳಿ, ಅವರು ಒತ್ತಲಿ. ಕಿತ್ತುಕೊಂಡು ಟಕಟಕ ಅಂತ ಮಾಡಿಕೊಟ್ಟರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ ನಿಜ. ಆದರೆ ಮುಂದಿನ ಅಪ್‌ಡೇಟ್ ಬಂದ ದಿನ ನಿಮಗೇ ಫೋನ್ ಬರುತ್ತದೆ.

ನಾನು ಹೇಳುವ ಮೆನು ಹೆಸರುಗಳು ಆಂಡ್ರಾಯ್ಡ್‌ನವು. ಸ್ಯಾಮ್‌ಸಂಗ್, ವಿವೋ, ಶಿಯೋಮಿ ಅಂತ ಕಂಪನಿ ಬದಲಾದ ಹಾಗೆ ಮೆನುವಿನ ಜಾಗ ಸ್ವಲ್ಪ ಆಚೀಚೆ ಆಗುತ್ತದೆ. ಸಿಗದಿದ್ದರೆ ಹುಡುಕಾಡುತ್ತಾ ಕೂರಬೇಡಿ. ಸೆಟ್ಟಿಂಗ್ಸ್‌ನ ಮೇಲ್ಗಡೆ ಹುಡುಕುವ ಪೆಟ್ಟಿಗೆ ಇರುತ್ತದೆ, ಅಲ್ಲಿ ಹೆಸರು ಟೈಪ್ ಮಾಡಿ.

ಮೊದಲು ಮೈಕ್ ಜಗಳ ಮುಗಿಸಿ

ಇದನ್ನು ಬಗೆಹರಿಸದೆ ಮುಂದೆ ಹೋದರೆ ಅವರ ತಲೆಯಲ್ಲಿ ಅದೇ ಕೊರೆಯುತ್ತಿರುತ್ತದೆ. 2021ರಲ್ಲಿ ಬಂದ ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದು ನಿಮ್ಮ ಫೋನಿನಲ್ಲಿದ್ದರೆ, ಯಾವುದೇ ಆ್ಯಪ್ ಮೈಕ್ ಅಥವಾ ಕ್ಯಾಮೆರಾ ಬಳಸುವಾಗ ಪರದೆಯ ಮೇಲ್ಗಡೆ ಬಲ ಮೂಲೆಯಲ್ಲಿ ಹಸಿರು ಗುರುತು ಕಾಣಿಸುತ್ತದೆ. ಐಫೋನಿನಲ್ಲಿ ಮೈಕ್‌ಗೆ ಕಿತ್ತಳೆ, ಕ್ಯಾಮೆರಾಗೆ ಹಸಿರು.

ಈಗ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿಗೆ ಹೋಗಿ, 'ಪ್ರೈವೆಸಿ ಡ್ಯಾಶ್‌ಬೋರ್ಡ್' ತೆಗೆಯಿರಿ. ಕಳೆದ 24 ಗಂಟೆಯಲ್ಲಿ ಯಾವ ಆ್ಯಪ್ ಎಷ್ಟು ಹೊತ್ತಿಗೆ ಮೈಕ್, ಕ್ಯಾಮೆರಾ, ಲೊಕೇಶನ್ ಮುಟ್ಟಿತು ಅನ್ನುವ ಪಟ್ಟಿ ಅಲ್ಲಿದೆ. ದೊಡ್ಡಪ್ಪನ ಫೋನಿನಲ್ಲಿ ಮೈಕ್ ಮುಟ್ಟಿದ್ದು ಎರಡೇ. ವಾಟ್ಸ್ಆ್ಯಪ್, ಅದು ಮಗಳ ಕರೆ. ಗೂಗಲ್, ಅದು ಬೆಳಿಗ್ಗೆ ಇವರೇ ಕೊಬ್ಬರಿ ರೇಟು ಕೇಳಿದ್ದು. ಫೇಸ್‌ಬುಕ್ ಹೆಸರೇ ಇರಲಿಲ್ಲ.

ಹಾಗಾದರೆ ಮಿಕ್ಸಿ ಹೇಗೆ ಬಂತು? ದೊಡ್ಡಮ್ಮನ ಫೋನ್ ತೆಗೆದು ನೋಡಿದೆವು. ಗುರುವಾರ ಮಧ್ಯಾಹ್ನವೇ ಅವರು ಒಂದು ಶಾಪಿಂಗ್ ಆ್ಯಪ್‌ನಲ್ಲಿ ಮಿಕ್ಸಿ ಜಾರ್ ಬೆಲೆ ನೋಡಿದ್ದರು. ಎರಡೂ ಫೋನು ಒಂದೇ ವೈಫೈ, ಒಂದೇ ಮನೆ. ಒಬ್ಬರಿಗೆ ಬೇಕಾದ್ದು ಮನೆಗೆಲ್ಲ ಬೇಕು ಅಂತ ಲೆಕ್ಕ ಹಾಕಲು ಜಾಹೀರಾತಿನವರಿಗೆ ಅಷ್ಟು ಸಾಕು. ದೊಡ್ಡಪ್ಪ ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮ ಎದ್ದು ಕಾಫಿ ಮಾಡಲು ಹೋದರು.

ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿದ್ದರು. ಮೈಕ್ ತಾನಾಗಿ ಆನ್ ಆಗಿ ಮಾತು ಕಳಿಸಿದ್ದಕ್ಕೆ ಒಂದೂ ಸಾಕ್ಷಿ ಸಿಗಲಿಲ್ಲ. ಆದರೆ ಕೆಲವು ಆ್ಯಪ್‌ಗಳು ತಮ್ಮ ಪರದೆಯ ಮೇಲೆ ನಾವು ಏನು ಮಾಡುತ್ತೇವೆ ಅನ್ನುವುದನ್ನು ರೆಕಾರ್ಡ್ ಮಾಡಿ ಮೂರನೆಯವರಿಗೆ ಕಳಿಸುತ್ತಿದ್ದವು. ನಾವು ಕಿವಿ ಕಾಯುತ್ತಾ ಕೂತಿದ್ದೆವು, ಅವರು ಕಣ್ಣು ಇಟ್ಟಿದ್ದರು.

ಹಾಗಂತ ಮೈಕ್ ಪೂರ್ತಿ ಸಾಧು ಅಂತಲೂ ಅಲ್ಲ. 'ಹೇ ಸಿರಿ' ಅನ್ನದಿದ್ದರೂ, ಐಫೋನಿನಲ್ಲಿ ಕೂಗಿದರೆ ಉತ್ತರ ಕೊಡುವ ಸಿರಿ ತಾನೇ ಎದ್ದು ರೆಕಾರ್ಡ್ ಮಾಡಿಕೊಂಡಿತು ಅನ್ನುವ ಮೊಕದ್ದಮೆಯಲ್ಲಿ ಆ್ಯಪಲ್ 2024ರ ಕೊನೆಯಲ್ಲಿ 9.5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ತಪ್ಪು ಮಾಡಿದ್ದೇವೆ ಅಂತ ಒಪ್ಪಲಿಲ್ಲ, ಅದು ಬೇರೆ ಮಾತು. ನೀವು 'ಹೇ ಗೂಗಲ್' ಅಂತ ಕೂಗುವುದೇ ಇಲ್ಲವಾದರೆ ಆ ಸೌಲಭ್ಯ ಆಫ್ ಮಾಡಿಬಿಡಿ.

ಪರ್ಮಿಷನ್: ಕಾಂಟ್ಯಾಕ್ಟ್ಸ್‌ನಿಂದ ಶುರು ಮಾಡಿ

ಎಲ್ಲರೂ ಲೊಕೇಶನ್‌ನಿಂದ ಶುರು ಮಾಡುತ್ತಾರೆ. ನಾನು ಕಾಂಟ್ಯಾಕ್ಟ್ಸ್‌ನಿಂದ ಮಾಡಿ ಅನ್ನುತ್ತೇನೆ. ಯಾಕೆಂದರೆ ಅದರಲ್ಲಿರುವುದು ನಮ್ಮ ಸೊತ್ತಲ್ಲ. ಮುನ್ನೂರು ಜನರ ನಂಬರನ್ನು ಅವರನ್ನು ಕೇಳದೆ ಕೊಡುತ್ತಿದ್ದೇವೆ, ಅಲ್ವಾ?

'ಪರ್ಮಿಷನ್ ಮ್ಯಾನೇಜರ್' ತೆಗೆದು ಕಾಂಟ್ಯಾಕ್ಟ್ಸ್ ಒತ್ತಿ. ಕರೆ, ಮೆಸೇಜು, ವಾಟ್ಸ್ಆ್ಯಪ್ ಬಿಟ್ಟು ಮಿಕ್ಕಿದ್ದಕ್ಕೆಲ್ಲ 'ಡೋಂಟ್ ಅಲೋ'. ದೊಡ್ಡಪ್ಪನ ಫೋನಿನಲ್ಲಿ ಒಂದು ಟಾರ್ಚ್ ಆ್ಯಪ್ ಕೂಡ ಆ ಪಟ್ಟಿಯಲ್ಲಿತ್ತು. ಫೋನಿನಲ್ಲೇ ಟಾರ್ಚ್ ಇರುವಾಗ ಅದು ಯಾಕೆ ಬಂತು ಅಂತ ಅವರಿಗೂ ನೆನಪಿಲ್ಲ. ಕಿತ್ತು ಹಾಕಿದೆವು. ಸಾಲ ಕೊಡುವ ಆ್ಯಪ್ ಇದ್ದರಂತೂ ಇನ್ನೂ ಹುಷಾರು. ಕಂತು ತಪ್ಪಿದರೆ ನೆಂಟರಿಗೆಲ್ಲ ಫೋನ್ ಮಾಡಿ ಮಾನ ಕಳೆಯುವ ಕೆಲಸ ನಡೆಯುವುದೇ ಈ ಪಟ್ಟಿಯಿಂದ. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಫೈಲುಗಳನ್ನು ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಮುಟ್ಟುವ ಆ್ಯಪ್ ಇದ್ದರೆ ಅದನ್ನು ಇಟ್ಟುಕೊಳ್ಳಬೇಡಿ.

ಆಮೇಲೆ ಲೊಕೇಶನ್. ಇಲ್ಲಿ ಎಲ್ಲವನ್ನೂ ಕಣ್ಣು ಮುಚ್ಚಿ ಆಫ್ ಮಾಡಬೇಡಿ. ಪಂಚಾಂಗದ ಆ್ಯಪ್ ಲೊಕೇಶನ್ ಕೇಳುತ್ತದೆ ಅಂತ ದೊಡ್ಡಪ್ಪ ರೇಗಿದರು. ಆದರೆ ಸೂರ್ಯೋದಯ, ರಾಹುಕಾಲ ಊರಿಂದ ಊರಿಗೆ ಬದಲಾಗುತ್ತವೆ, ಅದಕ್ಕೆ ಊರು ಗೊತ್ತಾಗಬೇಕು. ಗೊತ್ತಾಗಬೇಕಾದ್ದು ಊರು ಮಾತ್ರ, ಮನೆ ಅಲ್ಲ. ಆ ಆ್ಯಪ್‌ನ ಲೊಕೇಶನ್ ಪುಟದಲ್ಲಿ 'ಯೂಸ್ ಪ್ರಿಸೈಸ್ ಲೊಕೇಶನ್' ಅನ್ನುವುದನ್ನು ಆಫ್ ಮಾಡಿ. ತುಮಕೂರಿನ ರಾಹುಕಾಲ ಪಕ್ಕದ ಕ್ಯಾತಸಂದ್ರಕ್ಕೂ ಅದೇ. ಆಟೋ, ಊಟದ ಆ್ಯಪ್‌ಗಳಿಗೆ ಸರಿಯಾದ ಜಾಗ ಬೇಕು, ಅವಕ್ಕೆ 'ಆ್ಯಪ್ ಬಳಸುವಾಗ ಮಾತ್ರ' ಅಂತ ಇಡಿ. 'ಯಾವಾಗಲೂ' ಅನ್ನುವುದು ಯಾವುದಕ್ಕೂ ಬೇಡ.

ಫೋಟೋಗೆ ಆಂಡ್ರಾಯ್ಡ್ 14ರಿಂದ ಒಂದು ಒಳ್ಳೆಯ ದಾರಿ ಬಂದಿದೆ. ಇಡೀ ಗ್ಯಾಲರಿ ಬಿಟ್ಟುಕೊಡದೆ, ಆರಿಸಿದ ಫೋಟೋ ಮಾತ್ರ ಕೊಡಬಹುದು.

ಇನ್ನೊಂದು ಮೂಲೆ ಇದೆ, ಜಾಸ್ತಿ ಜನ ಅಲ್ಲಿಗೆ ಹೋಗುವುದೇ ಇಲ್ಲ. ಈಗ ವಾಟ್ಸ್ಆ್ಯಪ್‌ಗೆ ಮದುವೆ ಕರೆಯೋಲೆ ಅಂತ, ಟ್ರಾಫಿಕ್ ದಂಡ ಅಂತ ಫೈಲು ಬರುತ್ತದೆ. ಹೆಸರಿನ ಕೊನೆಗೆ 'ಎಪಿಕೆ' ಅಂತಿರುತ್ತದೆ. ಅದು ಕರೆಯೋಲೆ ಅಲ್ಲ, ಆ್ಯಪ್. ಒತ್ತಿದರೆ ಫೋನಿನೊಳಗೆ ಕೂತು ಬ್ಯಾಂಕಿನ ಓಟಿಪಿ ಓದುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅಲ್ಲಿಂದ 'ಸ್ಪೆಷಲ್ ಆ್ಯಪ್ ಆ್ಯಕ್ಸೆಸ್', ಅಲ್ಲಿಂದ 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್'. ವಾಟ್ಸ್ಆ್ಯಪ್, ಕ್ರೋಮ್, ಫೈಲ್ಸ್ ಎಲ್ಲದರ ಮುಂದೆಯೂ ಆಫ್ ಇರಬೇಕು. ನನ್ನನ್ನು ಕೇಳಿದರೆ ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೇನೆ ಅನ್ನುವವರು ಇದನ್ನು ಮಾಡಲಿ.

ವಾಟ್ಸ್ಆ್ಯಪ್: ಹತ್ತು ನಿಮಿಷ

ಸೆಟ್ಟಿಂಗ್ಸ್, ಅಕೌಂಟ್, 'ಟೂ ಸ್ಟೆಪ್ ವೆರಿಫಿಕೇಶನ್'. 6 ಅಂಕಿಯ ಪಿನ್ ಕೇಳುತ್ತದೆ. ಹುಟ್ಟಿದ ದಿನಾಂಕ ಬೇಡ. ಯಾರೋ ಮರುಳು ಮಾಡಿ ಓಟಿಪಿ ತೆಗೆದುಕೊಂಡರೂ ಈ ಪಿನ್ ಇಲ್ಲದೆ ನಿಮ್ಮ ಖಾತೆ ಅವರ ಕೈಗೆ ಹೋಗುವುದಿಲ್ಲ. ಪಿನ್ ನೋಟ್‌ಬುಕ್ಕಿಗೆ ಬರೆಯಿರಿ, ಫೋನಿನಲ್ಲಿ ಅಲ್ಲ.

'ಲಿಂಕ್ಡ್ ಡಿವೈಸಸ್' ತೆಗೆದು ನೋಡಿ. ದೊಡ್ಡಪ್ಪನದರಲ್ಲಿ ಎಲ್ಲೋ ಒಂದು ವಿಂಡೋಸ್ ಕಂಪ್ಯೂಟರ್ ಸೇರಿಕೊಂಡಿತ್ತು. ಯಾವುದೋ ಅರ್ಜಿ ಹಾಕಲು ಹೋದಾಗ ಅಂಗಡಿಯವನು ಜೋಡಿಸಿಕೊಂಡು ಪ್ರಿಂಟ್ ತೆಗೆದಿದ್ದನಂತೆ. ತೆಗೆಯುವುದನ್ನು ಇಬ್ಬರೂ ಮರೆತಿದ್ದಾರೆ. ಆ ಕಂಪ್ಯೂಟರ್ ಮುಂದೆ ಕೂತವರಿಗೆಲ್ಲ ಮನೆಯ ಮಾತು ಕಾಣುವ ಹಾಗಿತ್ತು. ಲಾಗ್ ಔಟ್.

ಪ್ರೈವೆಸಿಯಲ್ಲಿ 'ಗ್ರೂಪ್ಸ್' ಅನ್ನುವುದನ್ನು 'ಮೈ ಕಾಂಟ್ಯಾಕ್ಟ್ಸ್'ಗೆ ಇಳಿಸಿ, ಶೇರು ಮಾರುಕಟ್ಟೆ ಗ್ರೂಪುಗಳ ಕಾಟ ತಪ್ಪುತ್ತದೆ. 'ಸೈಲೆನ್ಸ್ ಅನ್‌ನೋನ್ ಕಾಲರ್ಸ್' ಆನ್ ಮಾಡಿ.

ಆಧಾರ್: ನಿಜವಾದ ತೂತು ಇಲ್ಲಿದೆ

ಜೆರಾಕ್ಸ್ ಅಂಗಡಿಯಲ್ಲಿ ನಡೆಯುವುದನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಗೋಡೆಗೆ ಅಂಟಿಸಿದ ವಾಟ್ಸ್ಆ್ಯಪ್ ನಂಬರಿಗೆ ಆಧಾರ್ ಪಿಡಿಎಫ್ ಕಳಿಸುತ್ತೇವೆ. ಹುಡುಗ ಕಂಪ್ಯೂಟರಿನಲ್ಲಿ ತೆಗೆಯುತ್ತಾನೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇಡೀ ಬಡಾವಣೆಯವರ ಆಧಾರ್ ಸಾಲಾಗಿ ನಿಂತಿರುತ್ತವೆ. "ಪಾಸ್‌ವರ್ಡ್?" ಅಂತ ಕೇಳುತ್ತಾನೆ, ನಾವು ಕೂಗಿ ಹೇಳುತ್ತೇವೆ. ಹೇಳದಿದ್ದರೂ ಅವನಿಗೆ ಗೊತ್ತು. ಹೆಸರಿನ ಮೊದಲ ನಾಲ್ಕು ಅಕ್ಷರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಅದರ ಮುಂದೆ ಹುಟ್ಟಿದ ವರ್ಷ. ಎಲ್ಲರಿಗೂ ಇದೇ ಸೂತ್ರ. ಇದು ಬೀಗವೇ ಅಲ್ಲ, ಬರೀ ಚಿಲಕ.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಜೆರಾಕ್ಸ್ ಯಾರಿಗೂ ಕೊಡಬೇಡಿ, ದುರುಪಯೋಗ ಆಗಬಹುದು, ಮಾಸ್ಕ್ಡ್ ಆಧಾರ್ ಕೊಡಿ ಅಂತ. ಜನ ಗಾಬರಿಯಾದರು. ಎರಡೇ ದಿನದಲ್ಲಿ ಪ್ರಕಟಣೆ ವಾಪಸ್ ಆಯಿತು, ಮಾಮೂಲಿ ಎಚ್ಚರಿಕೆ ಸಾಕು ಅಂದರು. ಪ್ರಕಟಣೆ ವಾಪಸ್ ಹೋದರೂ ಅದರಲ್ಲಿದ್ದ ಸಲಹೆ ಒಳ್ಳೆಯದೇ ಇತ್ತು ಅಂತ ನನ್ನ ಅಭಿಪ್ರಾಯ.

ಮಾಸ್ಕ್ಡ್ ಆಧಾರ್ ಅಂದರೆ 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಕಾಣುವ ಪ್ರತಿ. 'ಮೈಆಧಾರ್' ಜಾಲತಾಣದಲ್ಲಿ ಲಾಗಿನ್ ಆಗಿ, ಡೌನ್‌ಲೋಡ್ ಆಧಾರ್ ಒತ್ತಿದಾಗ ಮಾಸ್ಕ್ಡ್ ಬೇಕಾ ಅಂತ ಒಂದು ಚಿಕ್ಕ ಪೆಟ್ಟಿಗೆ ಇರುತ್ತದೆ, ಅದಕ್ಕೆ ಟಿಕ್ ಹಾಕಿ. ಲಾಡ್ಜ್, ಬಾಡಿಗೆ ಮನೆ, ಕೊರಿಯರ್‌ಗೆಲ್ಲ ಇದನ್ನೇ ಕೊಡಿ. ಜೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಯಾತಕ್ಕೆ ಕೊಟ್ಟಿದ್ದು, ಯಾವತ್ತು ಅಂತ ಅಡ್ಡಲಾಗಿ ಬರೆದು ಸಹಿ ಹಾಕಿ. ನಮ್ಮ ತಾತ ಹಾಗೇ ಮಾಡುತ್ತಿದ್ದರು, ಆಗ ನಮಗೆ ನಗು ಬರುತ್ತಿತ್ತು.

ಮುಂದಿನದು ಬೆರಳಚ್ಚಿನ ಬೀಗ. ಆಧಾರ್ ನಂಬರ್ ಮತ್ತು ಬೆರಳಚ್ಚು ಇದ್ದರೆ ಹಳ್ಳಿಯ ಪುಟ್ಟ ಯಂತ್ರದಲ್ಲೂ ಬ್ಯಾಂಕಿನಿಂದ ದುಡ್ಡು ತೆಗೆಯಬಹುದು, ಓಟಿಪಿ ಬೇಡ. ಕಾರ್ಡಿಲ್ಲದ ಬಡವರಿಗೆ ಇದು ನಿಜಕ್ಕೂ ಉಪಕಾರಿ. ಆದರೆ 2023ರಲ್ಲಿ ಬೆಂಗಳೂರಿನಲ್ಲಿ, ಆಸ್ತಿ ನೋಂದಣಿಗೆ ಬೆರಳು ಒತ್ತಿ ಬಂದ ಎಷ್ಟೋ ಜನ ಖಾತೆಯಿಂದ ಹಣ ಹೋಯಿತು ಅಂತ ಪೊಲೀಸರ ಬಳಿ ಹೋದರು. ಓಟಿಪಿಯನ್ನು ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲು ಆಗುತ್ತದಾ?

ಮೈಆಧಾರ್‌ನಲ್ಲೇ 'ಲಾಕ್ ಅನ್‌ಲಾಕ್ ಬಯೋಮೆಟ್ರಿಕ್ಸ್' ಇದೆ. ಲಾಕ್ ಮಾಡಿದರೆ ಬೆರಳು, ಕಣ್ಣು, ಮುಖ ಮೂರೂ ಕೆಲಸ ಮಾಡುವುದಿಲ್ಲ. ಓಟಿಪಿ ಎಂದಿನಂತೆ ನಡೆಯುತ್ತದೆ. ಒಂದು ತೊಡಕು ಮೊದಲೇ ಹೇಳಿಬಿಡಿ: ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿಟ್ಟು ಅಕ್ಕಿ ತರುವವರು, ಪಿಂಚಣಿಗೆ ಜೀವನ ಪ್ರಮಾಣ ಕೊಡುವವರು ಆ ದಿನ ಅನ್‌ಲಾಕ್ ಮಾಡಿಕೊಂಡು ಹೋಗಬೇಕು. ಇಲ್ಲದಿದ್ದರೆ ಸಾಲಿನಲ್ಲಿ ನಿಂತು ವಾಪಸ್ ಬರಬೇಕಾಗುತ್ತದೆ. ಮನೆಯಲ್ಲಿ ಅನ್‌ಲಾಕ್ ಮಾಡಿಕೊಡುವವರು ಯಾರೂ ಇಲ್ಲ ಅಂದರೆ ಈ ಬೀಗ ಹಾಕುವ ಮುಂಚೆ ಎರಡು ಸಲ ಯೋಚಿಸಿ.

ಆಧಾರ್ ಜೆರಾಕ್ಸ್ ಎಲ್ಲೆಲ್ಲಿ ಹೋಯಿತೋ ಅನ್ನುವ ಚಿಂತೆಗೆ ಇನ್ನೊಂದು ಪರೀಕ್ಷೆ ಇದೆ. ಕೇಂದ್ರ ದೂರಸಂಪರ್ಕ ಇಲಾಖೆಯ 'ಸಂಚಾರ್ ಸಾಥಿ' ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ನೋಡಬಹುದು. ನಿಮ್ಮದಲ್ಲದ್ದು ಇದ್ದರೆ ಅಲ್ಲೇ ದೂರು ಒತ್ತಿ. ಇದೇ ಸಂಚಾರ್ ಸಾಥಿ ಆ್ಯಪ್ ಎಲ್ಲ ಹೊಸ ಫೋನಿನಲ್ಲೂ ಇರಲೇಬೇಕು ಅಂತ ಕೇಂದ್ರ ಸರ್ಕಾರ ಆದೇಶ ಮಾಡಿ, ಗಲಾಟೆಯಾಗಿ, 2025ರ ಡಿಸೆಂಬರ್ 3ರಂದು ಕೈಬಿಟ್ಟಿತು. ಆ್ಯಪ್ ಬೇಡ ಅನ್ನುವವರಿಗೆ ಜಾಲತಾಣವೇ ಸಾಕು.

ಇಷ್ಟು ಹೊತ್ತಿಗೆ ಅಣ್ಣ ಮತ್ತೆ "ಮುಚ್ಚಿಡೋಕೆ ಏನಿದೆ" ಅಂದ. ನಾನು ಪುಟ್ಟಸ್ವಾಮಿಯವರ ಕಥೆ ಹೇಳಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂದರು. ಅವರ ಬಳಿಯೂ ಮುಚ್ಚಿಡುವಂಥದ್ದು ಏನಿತ್ತು? ಅಣ್ಣ ಸುಮ್ಮನಾದ. ಒಪ್ಪಿದನೋ, ಸಾಕಾಯಿತೋ ಗೊತ್ತಿಲ್ಲ.

ಎಐ: ಫ್ರೀ ಅಂತ ಬಂದ ನೆಂಟ

2025ರಲ್ಲಿ ಏರ್‌ಟೆಲ್‌ನವರಿಗೆ ಪರ್‌ಪ್ಲೆಕ್ಸಿಟಿ, ಜಿಯೋದವರಿಗೆ ಜೆಮಿನೈ, ಚಾಟ್‌ಜಿಪಿಟಿಯ 'ಗೋ' ಒಂದು ವರ್ಷ, ಹೀಗೆ ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಎಐ ಆ್ಯಪ್‌ಗಳೆಲ್ಲ ಬಿಟ್ಟಿ ಬಂದವು. ದೊಡ್ಡಪ್ಪನ ಸಂಶಯ ನ್ಯಾಯವೇ: "ಸುಮ್ನೆ ಯಾರು ಕೊಡ್ತಾರೋ?" ಆದರೆ ಅವರಿಗೆ ಈ ಎಐ ಬಹಳ ಇಷ್ಟ. ಪಿಂಚಣಿ ಕಚೇರಿಗೆ ಪತ್ರ ಬರೆಸಿದ್ದಾರೆ, ಲ್ಯಾಬ್ ರಿಪೋರ್ಟ್ ಅರ್ಥ ಮಾಡಿಕೊಂಡಿದ್ದಾರೆ. ಬಿಡಿ ಅನ್ನಲು ನನಗೆ ಮನಸ್ಸಿಲ್ಲ. ಬಳಸುವ ರೀತಿ ಬದಲಾಯಿಸಬೇಕು ಅಷ್ಟೇ.

ಅವರು ಮಾಡಿದ್ದು ಹೀಗೆ: ರಿಪೋರ್ಟಿನ ಇಡೀ ಫೋಟೋ ಹಾಕಿದ್ದರು. ಅದರಲ್ಲಿ ಹೆಸರು, ವಯಸ್ಸು, ಫೋನ್ ನಂಬರ್, ಡಾಕ್ಟರ ಹೆಸರು ಎಲ್ಲ ಇತ್ತು. ನಾವು ಬದಲಾಯಿಸಿದ್ದು ಹೀಗೆ: "70 ದಾಟಿದ ಗಂಡಸು. ಮೂರು ತಿಂಗಳ ಸಕ್ಕರೆ ಸರಾಸರಿ 7.4. ಇದರ ಅರ್ಥವೇನು, ಡಾಕ್ಟರ ಹತ್ತಿರ ಏನೇನು ಕೇಳಬೇಕು?" ಉತ್ತರದಲ್ಲಿ ಏನೂ ಕಮ್ಮಿಯಾಗಲಿಲ್ಲ. ಫೋಟೋನೇ ಹಾಕಬೇಕಾದರೆ ಮೇಲಿನ ಭಾಗ ಕತ್ತರಿಸಿ ಹಾಕಿ. ಪತ್ರಕ್ಕೂ ಅಷ್ಟೇ. ಪಿಂಚಣಿ ಸಂಖ್ಯೆಯ ಜಾಗ ಖಾಲಿ ಬಿಡಿಸಿ, ಪ್ರಿಂಟ್ ಆದ ಮೇಲೆ ಪೆನ್ನಿನಲ್ಲಿ ತುಂಬಿ.

ನಾನೂ ಎಡವಿದ್ದೇನೆ. ಒಮ್ಮೆ ಬಾಡಿಗೆ ಕರಾರನ್ನು ಹಾಗೇ ಒಂದು ಎಐ ಆ್ಯಪ್‌ಗೆ ಹಾಕಿಬಿಟ್ಟೆ. ಅಮ್ಮನ ಪ್ಯಾನ್ ನಂಬರ್ ಎರಡನೇ ಪುಟದಲ್ಲಿತ್ತು ಅಂತ ಆಮೇಲೆ ಹೊಳೆಯಿತು. ಕಚೇರಿಯಲ್ಲಿ ಕೆಲಸ ಮಾಡುವವರಿಗಂತೂ ಇದು ಕೆಲಸಕ್ಕೇ ಕುತ್ತು. 2023ರಲ್ಲಿ ಸ್ಯಾಮ್‌ಸಂಗ್ ಎಂಜಿನಿಯರ್‌ಗಳು ಕಂಪನಿಯ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿ, ಕಂಪನಿ ಅಂಥ ಆ್ಯಪ್‌ಗಳನ್ನೇ ನಿಷೇಧಿಸಿತು. 2025ರ ಜನವರಿಯಲ್ಲಿ ಕೇಂದ್ರ ಹಣಕಾಸು ಸಚಿವಾಲಯವೂ ಕಚೇರಿಯ ಕಂಪ್ಯೂಟರಿನಲ್ಲಿ ಇವನ್ನು ಬಳಸಬೇಡಿ ಅಂತ ಸಿಬ್ಬಂದಿಗೆ ಹೇಳಿತು.

ಈಗ ಸೆಟ್ಟಿಂಗ್. ಚಾಟ್‌ಜಿಪಿಟಿಯಲ್ಲಿ 'ಡೇಟಾ ಕಂಟ್ರೋಲ್ಸ್' ಒಳಗೆ 'ಇಂಪ್ರೂವ್ ದ ಮಾಡೆಲ್ ಫಾರ್ ಎವ್ರಿವನ್' ಆಫ್ ಮಾಡಿ, ನಿಮ್ಮ ಮಾತು ಬಳಸಿ ಎಐಗೆ ಪಾಠ ಕಲಿಸುವ ಸೌಲಭ್ಯ ಅದು. ಸೂಕ್ಷ್ಮ ವಿಷಯಕ್ಕೆ 'ಟೆಂಪರರಿ ಚಾಟ್' ಬಳಸಿ. ಜೆಮಿನೈಯಲ್ಲಿ ಆ್ಯಕ್ಟಿವಿಟಿ ಆಫ್ ಮಾಡಿ. ಆಫ್ ಮಾಡಿದರೂ 72 ಗಂಟೆ ಮಾತು ಅವರ ಬಳಿ ಇರುತ್ತದೆ ಅಂತ ಗೂಗಲ್ಲೇ ಹೇಳುತ್ತದೆ. ಆನ್ ಇದ್ದರೆ ಕೆಲವು ಮಾತುಕತೆಗಳನ್ನು ಮನುಷ್ಯರೇ ಕೂತು ಓದುತ್ತಾರೆ.

ವಾಟ್ಸ್ಆ್ಯಪ್‌ನಲ್ಲಿ ಕಾಣುವ ನೀಲಿ ಉಂಗುರ ಮೆಟಾ ಎಐ. ಮೆಟಾ ಅಂದರೆ ವಾಟ್ಸ್ಆ್ಯಪ್, ಫೇಸ್‌ಬುಕ್ ಎರಡರ ಒಡೆಯ ಕಂಪನಿ. ಮನೆಯವರ ಜೊತೆಗಿನ ಮಾತು ಗೂಢಲಿಪಿಯಲ್ಲಿ ಹೋಗುತ್ತದೆ, ಅದನ್ನು ಮೆಟಾ ಓದಲಾಗದು. ಉಂಗುರಕ್ಕೆ ಹೇಳಿದ್ದು ಹಾಗಲ್ಲ, ಅದು ಮೆಟಾಗೇ ಹೇಳಿದ ಹಾಗೆ. ಮೆಟಾ ಎಐ ಜೊತೆ ಆಡಿದ ಮಾತನ್ನು ಜಾಹೀರಾತು ಆರಿಸಲು ಬಳಸುವುದನ್ನು ಆ ಕಂಪನಿ 2025ರ ಡಿಸೆಂಬರ್ 16ರಿಂದ ಶುರು ಮಾಡಿದೆ.

ಇದನ್ನು ಕೇಳಿ ದೊಡ್ಡಪ್ಪ ಕನ್ನಡಕ ತೆಗೆದಿಟ್ಟರು. "ಅಂದ್ರೆ ಇನ್ಮೇಲೆ ಮಿಕ್ಸಿ ಬಗ್ಗೆ ಅದನ್ನ ಕೇಳಿದ್ರೆ, ಹೇಳಿ ಕೇಳಿ ಮಿಕ್ಸಿ ತೋರಿಸ್ತಾರೆ?"

ಹೌದು ದೊಡ್ಡಪ್ಪ.

ಉಳಿದ ಚೂರುಪಾರು

ಸೆಟ್ಟಿಂಗ್ಸ್‌ನಲ್ಲಿ 'ಆ್ಯಡ್ಸ್' ಹುಡುಕಿ 'ಡಿಲೀಟ್ ಅಡ್ವರ್ಟೈಸಿಂಗ್ ಐಡಿ' ಒತ್ತಿ, ಜಾಹೀರಾತಿನವರು ನಿಮ್ಮ ಫೋನನ್ನು ಗುರುತು ಹಿಡಿಯುವ ನಂಬರು ಅದು. ಜಾಹೀರಾತು ನಿಲ್ಲುವುದಿಲ್ಲ, ಬೆನ್ನು ಹತ್ತುವುದು ಕಮ್ಮಿಯಾಗುತ್ತದೆ. ಐಫೋನಿನಲ್ಲಿ 'ಟ್ರ್ಯಾಕಿಂಗ್' ಒಳಗೆ ಹೋಗಿ, ಆ್ಯಪ್‌ಗಳು ಕೇಳುವುದಕ್ಕೇ ಅವಕಾಶ ಇಲ್ಲದಂತೆ ಮಾಡಿ. ಗೂಗಲ್ ಖಾತೆಯ 'ಮೈ ಆ್ಯಕ್ಟಿವಿಟಿ'ಯಲ್ಲಿ ಆಟೋ ಡಿಲೀಟ್ 3 ತಿಂಗಳಿಗೆ ಇಡಿ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ 1930 ಅಂತ ದಪ್ಪಕ್ಕೆ ಬರೆಯಿರಿ. ದುಡ್ಡು ಹೋದರೆ ಮಾಡಬೇಕಾದ ಸೈಬರ್ ಸಹಾಯವಾಣಿ ಅದು. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು. ಅದರ ಕೆಳಗೆ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪದ ಬರೆಯಿರಿ. ಮಗನ ದನಿಯಲ್ಲೇ "ಆಕ್ಸಿಡೆಂಟ್ ಆಗಿದೆ, ದುಡ್ಡು ಹಾಕಿ" ಅಂತ ಕರೆ ಬಂದರೆ ಆ ಪದ ಕೇಳಬೇಕು. ದನಿಯನ್ನು ಎಐ ನಕಲು ಮಾಡುತ್ತದೆ. ದೊಡ್ಡಮ್ಮ ಆರಿಸಿದ ಪದ ಅವರು ಸಾಕಿದ್ದ ಹಳೇ ಎಮ್ಮೆಯ ಹೆಸರು. ಇಲ್ಲಿ ಬರೆಯುವುದಿಲ್ಲ.

ಕೊನೆಯ ಹೆಜ್ಜೆ ಫೋನಿನಲ್ಲಿ ಇಲ್ಲ, ಬಿಲ್ ಕೌಂಟರಿನಲ್ಲಿದೆ. ಬಿಲ್ ಕೊಡಲು ಗಿರಾಕಿಯ ಮೊಬೈಲ್ ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇನಲ್ಲಿ ಅಂಗಡಿಗಳಿಗೆ ತಿಳಿಸಿದೆ. ಸಂಜೆ ಜಾರ್ ಹಿಡಿದುಕೊಂಡು ಅಂಗಡಿಗೆ ಹೋದೆವು. ಸೋರುತ್ತಿದ್ದುದು ವಾಷರ್ ಸವೆದು. ಹೊಸ ವಾಷರ್ ಹಾಕಿಕೊಟ್ಟರು. ಕೌಂಟರಿನ ಹುಡುಗ ಕಂಪ್ಯೂಟರಿನಿಂದ ಕಣ್ಣೆತ್ತದೆ, "ಫೋನ್ ನಂಬರ್ ಹೇಳಿ ಸಾರ್" ಅಂದ.

"ಯಾಕಪ್ಪ?"

"ಬಿಲ್ ಬರಲ್ಲ ಸಾರ್, ಸಿಸ್ಟಂ ತಗೊಳ್ಳಲ್ಲ."

"ನಾನು ಕೊಡಲ್ಲ. ನಿಮ್ಮ ಸಿಸ್ಟಮ್‌ಗೆ ಹೇಳು."

ಹುಡುಗ ನನ್ನ ಮುಖ ನೋಡಿದ. ನಾನು ವಾಷರ್ ನೋಡುತ್ತಾ ನಿಂತೆ. ಅವನು ಹತ್ತು ಸಲ 9 ಒತ್ತಿದ. ಬಿಲ್ ಬಂತು.